ಗೇಟಿನ ಕಡೆಯ ತಂತಿ

ಇಕ್ಕಳದ ಬಾಯಿ ಆಗಲೇ ತಂತಿಯನ್ನು ಕಚ್ಚಿ ಹಿಡಿದಿತ್ತು. ಇನ್ನೊಂದು ಸಲ ಅಮುಕಿದ್ದರೆ ಕೆಲಸ ಮುಗಿದೇ ಹೋಗುತ್ತಿತ್ತು. ಅಷ್ಟರಲ್ಲಿ ಮಗಳು ಒಳಗಿನಿಂದ ಬರಿಗಾಲಲ್ಲಿ ಓಡಿಬಂದಳು.

"ಕತ್ತರಿಸ್ಬೇಡಿ ಅಂಕಲ್! ಕೈ ತೆಗೀರಿ!"

ಪಕ್ಕದ ಮನೆಯ ಡ್ರೈವರ್ ಇಕ್ಕಳವನ್ನು ಸಡಿಲಿಸಿದ, ಕೆಳಗಿಳಿಸಲಿಲ್ಲ. "ಕತ್ತರಿಸದೆ ಏನ್ ಮಾಡ್ಲಮ್ಮಾ? ನಾಲ್ಕು ಜನ ಹೆಗಲು ಕೊಟ್ಟು ಎತ್ತಿದ್ರೆ ಚಟ್ಟ ಇದಕ್ಕೆ ತಗಲುತ್ತೆ. ಹೋಗೋ ದಿನಾನೂ ನಿಮ್ಮಮ್ಮನ್ನ ಬಗ್ಗಿಸಿ ಕರ್ಕೊಂಡು ಹೋಗೋಕಾಗುತ್ತಾ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾರಸಿಯ ಮೇಲಿನ ಕಬ್ಬಿಣದ ಕೊಳವೆಯ ತುದಿಯಿಂದ ಅಮ್ಮನ ರೇಡಿಯೋದ ಏರಿಯಲ್ ಆದ ತಾಮ್ರದ ತಂತಿಯೊಂದು ಓರೆಯಾಗಿ ಇಳಿದುಬಂದು, ಒಂದು ಮಾರು ನೈಲಾನ್ ಹಗ್ಗದಿಂದ ಗೇಟಿನ ಕಂಬಕ್ಕೆ ಬಿಗಿದುಕೊಂಡಿತ್ತು. ಅಪ್ಪನ ಹತ್ತಿರ ಬಟ್ಟೆ ಹೊಲಿಸಲು ಬರುವವರೆಲ್ಲ ಅದರ ಕೆಳಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕು. "ಟೈಲರ್ ಮಾಸ್ಟರಿಗೆ ಸಿಗೋ ಮರ್ಯಾದೆ ಊರಲ್ಲಿ ಇನ್ಯಾರಿಗೂ ಇಲ್ಲ" ಎಂದು ಅಮ್ಮ ನಗುತ್ತಿದ್ದಳು. ಇವತ್ತು ಬಾಗಲಾರದವಳು ಅವಳೊಬ್ಬಳೇ.

"ಹೋದವಳೇ ಹೋದ್ಮೇಲೆ ತಂತಿ ಕಟ್ಕೊಂಡು ಏನ್ ಮಾಡ್ತೀಯೇ?" ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಮೊಣಕಾಲು ಒತ್ತಿಕೊಳ್ಳುತ್ತಲೇ ಕೇಳಿದಳು. ಆಕೆಗೆ ಯಾವ ಪ್ರಶ್ನೆಗೂ ಉತ್ತರ ಬೇಕಿರಲಿಲ್ಲ, ಕೇಳಿದರೆ ಸಮಾಧಾನ.

ಮಗಳು ಕಂಬದ ಹತ್ತಿರ ನಿಂತು ಗಂಟಿಗೆ ಕೈ ಹಾಕಿದಳು. ಡ್ರೈವರ್ ಅದರ ಜೊತೆ ಹೆಣಗಾಡಿ ಸೋತೇ ಇಕ್ಕಳ ತಂದಿದ್ದ. ಅಮ್ಮನ ಗಂಟು ಎಳೆದಷ್ಟೂ ಬಿಗಿಯಾಗುವ ಜಾತಿಯದು. ಒಳಕ್ಕೆ ತಳ್ಳಿದರೆ ಮಾತ್ರ ಬಿಚ್ಚುತ್ತದೆ. ಮಗಳು ತಳ್ಳಿದಳು. ಹಗ್ಗ ಕೈಗೆ ಬಂತು, ತಂತಿ ಗೋಡೆಯ ಪಕ್ಕಕ್ಕೆ ಸರಿದು ಜೋತುಬಿತ್ತು.

"ಹಾಗೇ ಇರ್ಲಿ, ಆಮೇಲೆ ಕಟ್ಟೋಣ" ಎಂದರು ಗೇಟಿನಾಚೆ ಸ್ಕೂಟರ್ ನಿಲ್ಲಿಸುತ್ತಿದ್ದ ಮುದುಕರು. ಬ್ಯಾಟರಿ ಅಂಗಡಿಯವರು, ಮಗಳಿಗೆ ಬ್ಯಾಟರಿ ಮಾಮ. ಊರಿನಲ್ಲಿ ಹ್ಯಾಮ್ ರೇಡಿಯೋದ, ಅಂದರೆ ಮನೆಯಿಂದಲೇ ದೇಶವಿದೇಶದವರ ಜೊತೆ ಮಾತಾಡುವ ರೇಡಿಯೋದ, ಲೈಸೆನ್ಸ್ ಇದ್ದದ್ದು ಇಬ್ಬರಿಗೇ, ಅವರಿಗೂ ಅಮ್ಮನಿಗೂ. ಇವತ್ತು ವರ್ಷದ ದೊಡ್ಡ ಕಾಂಟೆಸ್ಟ್. ಕಾಂಟೆಸ್ಟಿನ ದಿನ ಈ ಮನುಷ್ಯನನ್ನು ಬೀದಿಯಲ್ಲಿ ಕಂಡವರೇ ಇಲ್ಲ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು, ಗುಂಡಿಗಳು ಒಂದು ಕಾಜ ಆಚೀಚೆಯಾಗಿದ್ದವು.

ಚಟ್ಟ ಹೊರಗೆ ಬಂತು. ಅದರ ಹಿಂದೆ ಅಪ್ಪ, ಬಲಗೈ ಎದೆಯ ಮೇಲೆ. ಇಬ್ಬರು ಅವರ ರಟ್ಟೆ ಹಿಡಿದಿದ್ದರು. ಚಟ್ಟ ಗೇಟು ದಾಟುವುದನ್ನು ನೋಡುತ್ತ ಮಗಳಿಗೆ ಅಳು ಒತ್ತರಿಸಿ ಬಂತು. ಅಳುವಿನ ನಡುವೆಯೇ ಮಂಚದ ಕೆಳಗೆ ತುಂಬಿಟ್ಟ ಬ್ಯಾಗು ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸೋಮವಾರ ಬೆಳಗ್ಗೆ ಅವಳು ದೂರದ ಊರಿನ ರೈಲ್ವೆ ಯಾರ್ಡಿನಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಅದಕ್ಕೆ ಇವತ್ತು ಸಂಜೆಯ ರೈಲು ಹಿಡಿಯಬೇಕು. ಹಾಜರಾಗದಿದ್ದರೆ ಕಾಯುತ್ತಿರುವ ಇನ್ನೊಬ್ಬರಿಗೆ ಆ ಕೆಲಸ. ಅಪ್ಪನಿಗೆ ಇದು ಗೊತ್ತಿರಲಿಲ್ಲ. "ಶನಿವಾರ ಬೆಳಗ್ಗೆ ನಾನು ಹೇಳ್ತೀನಿ, ನೀನು ಬ್ಯಾಗ್ ತುಂಬ್ಕೋ" ಎಂದಿದ್ದ ಅಮ್ಮ ಶುಕ್ರವಾರವೇ, ರೇಡಿಯೋ ಮೇಜಿನ ಧೂಳು ಒರೆಸುತ್ತಿದ್ದವಳು, ಬಟ್ಟೆ ಹಿಡಿದ ಕೈಯಲ್ಲೇ ಕುಸಿದಿದ್ದಳು.

*

ಅಪ್ಪನಿಗೆ ಮನೆಯಲ್ಲಿ ಒಬ್ಬರೇ ಇರಲು ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮ ಹೊರಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಎದೆ ಡವಡವ ಎಂದು, ಉಸಿರು ಸಿಕ್ಕಿಕೊಂಡು, ಕತ್ತರಿ ಸಮೇತ ನೆಲಕ್ಕೆ ಕೂತಿದ್ದರಂತೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗುಂಡುಕಲ್ಲಿನ ಹಾಗಿದೆ, ಬರೀ ಹೆದರಿಕೆ ಎಂದರು. ಬರೀ ಹೆದರಿಕೆ ಎಂದು ಹೇಳಿಬಿಟ್ಟರೆ ಹೆದರಿದವನಿಗೆ ಅದು ಯಾವ ಔಷಧ? ಅಂದಿನಿಂದ ಅಂಗಡಿಯನ್ನು ಮನೆಯ ಮುಂದಿನ ಕೋಣೆಗೇ ತಂದುಕೊಂಡರು. ಅಮ್ಮನಿಗೆ ಹೊರಗೆ ಹೋಗಬೇಡ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಅವಳು ಚಪ್ಪಲಿ ಮೆಟ್ಟಿದರೆ ಸಾಕು, ಬಲಗೈ ತಾನಾಗಿ ಎದೆಗೆ ಹೋಗುತ್ತಿತ್ತು. ಬೈದರೆ ತಿರುಗಿ ಬೈಯಬಹುದು, ಹೊಡೆದರೆ ನಾಲ್ಕು ಜನರನ್ನು ಕರೆಯಬಹುದು. ಎದೆ ಹಿಡಿದುಕೊಂಡವರ ಜೊತೆ ಯಾರು ಜಗಳ ಆಡುತ್ತಾರೆ? ಅಮ್ಮ ಚಪ್ಪಲಿ ಬಿಡುತ್ತಿದ್ದಳು.

ಮದುವೆಗೆ ಮುಂಚೆ ಅವಳು ರೇಡಿಯೋ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದವಳು. ಅಲ್ಲಿಯೇ ಕಲಿತು, ಪರೀಕ್ಷೆ ಕಟ್ಟಿ, ಲೈಸೆನ್ಸ್ ಪಡೆದಿದ್ದಳು. ಅಡುಗೆಮನೆಗೂ ಅಪ್ಪನ ಕೋಣೆಗೂ ನಡುವೆ, ಮಂಚ ಹಾಕಿದರೆ ಬಾಗಿಲು ಮುಚ್ಚದಷ್ಟು ಚಿಕ್ಕ ಜಾಗದಲ್ಲಿ ಅವಳ ಮೇಜು, ಸೆಟ್ಟು, ಹೆಡ್‌ಫೋನು. ಮನೆಯೊಳಗೇ ಇರುವ ಹವ್ಯಾಸ ಎಂದು ಅಪ್ಪ ಅದಕ್ಕೆ ಅಡ್ಡಿ ಮಾಡಲಿಲ್ಲ. ಬಂದ ಗಿರಾಕಿಗಳ ಮುಂದೆ ಜಂಬವನ್ನೂ ಪಡುತ್ತಿದ್ದರು.

ಕಾಂಟೆಸ್ಟ್ ಎಂದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಎಷ್ಟು ದೇಶಗಳ ಎಷ್ಟು ಜನರನ್ನು ಮಾತಾಡಿಸುತ್ತೀರಿ ಎಂಬುದು. ಮಾತು ಎಂದರೆ ಎಂಥ ಮಾತು? ನನ್ನ ಗುರುತು ಇದು, ನಿಮ್ಮ ದನಿ ಚೆನ್ನಾಗಿ ಕೇಳಿಸುತ್ತಿದೆ, ನನ್ನ ಲೆಕ್ಕದಲ್ಲಿ ನೀವು ಇಷ್ಟನೆಯವರು, ನಮಸ್ಕಾರ. ದನಿ ಕೇಳಿಸಲಿ ಬಿಡಲಿ, ಚೆನ್ನಾಗಿ ಕೇಳಿಸುತ್ತಿದೆ ಎಂದೇ ಹೇಳುವುದು ಅಲ್ಲಿಯ ಪದ್ಧತಿ. ಅತ್ತೆ ಬಂದು ಹೇಗಿದ್ದೀಯೇ ಎಂದರೆ ಅಮ್ಮ ಅದೇ ದನಿಯಲ್ಲಿ "ಚೆನ್ನಾಗಿದೀನಿ ಅತ್ತಿಗೆ" ಎನ್ನುತ್ತಿದ್ದಳು.

ಅಪ್ಪನ ಹೊಲಿಗೆ ಮಷೀನಿನ ಮೋಟರು ಓಡಿದರೆ ಹೆಡ್‌ಫೋನಿನಲ್ಲಿ ಗರ್ ಎಂಬ ಸದ್ದು. ಒಂದು ವರ್ಷ ಕಾಂಟೆಸ್ಟಿನ ದಿನ ಅಪ್ಪ ತಾವಾಗಿಯೇ ಮೋಟರಿನ ಬೆಲ್ಟ್ ಕಳಚಿ, "ಇವತ್ತು ಕಾಲಲ್ಲೇ ತುಳೀತೀನಿ ಕಣೇ, ನೀನು ಆರಾಮಾಗಿ ಮಾತಾಡು" ಎಂದರು. ಅಮ್ಮನಿಗೆ ಸಂತೋಷವಾಯಿತು. ಆದರೆ ಸದ್ದು ಇಲ್ಲವಾದ್ದರಿಂದ ಗಳಿಗೆಗೊಮ್ಮೆ ಹೆಡ್‌ಫೋನ್ ತೆಗೆದು, ಎದ್ದು ಹೋಗಿ, ಮುಂದಿನ ಕೋಣೆಯಲ್ಲಿ ಇಣುಕಿ ಬರುವಂತಾಯಿತು. ಮಧ್ಯಾಹ್ನದ ಹೊತ್ತಿಗೆ ಸಾಕಾಗಿ, "ಮೋಟರೇ ಹಾಕ್ಬಿಡೀಂದ್ರೆ" ಎಂದಳು. ಗರ್ ಎನ್ನುತ್ತಿದ್ದರೆ ಅವರು ಸರಿಯಾಗಿದ್ದಾರೆ ಎಂದರ್ಥ. ಗರ್ ನಿಂತರೆ ಏಳಬೇಕು.

ಗರ್ ನಿಲ್ಲುತ್ತಿತ್ತು. ಅವಳು ಬಹಳ ಹೊತ್ತು ಒಳಗೆ ಕೂತಳು ಎಂದು ಅಪ್ಪನಿಗೆ ಅನ್ನಿಸಿದಾಗಲೆಲ್ಲ ನಿಲ್ಲುತ್ತಿತ್ತು. ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು "ಏನಾಯ್ತು?" ಎನ್ನುವಳು.

"ಏನಿಲ್ಲ. ದಾರ ಮುಗೀತು."

*

ಸ್ಮಶಾನದಿಂದ ಎಲ್ಲರೂ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಡ್ರೈವರನ ಹೆಂಡತಿ ಟೀ ತಂದುಕೊಟ್ಟಳು. ಅತ್ತೆ ಎರಡು ಗುಟುಕು ಕುಡಿದು ಸಂಸಾರದ ಭಾರವನ್ನು ಕೈಗೆ ತೆಗೆದುಕೊಂಡಳು.

"ಇನ್ಮೇಲೆ ನೀನೇ ಕಣೇ ಇವನಿಗೆ ದಿಕ್ಕು. ಇವನು ಒಬ್ಬನೇ ಇರೋನಲ್ಲ, ನಿನಗೇ ಗೊತ್ತಲ್ಲ. ನಾನಾದ್ರೂ ಇರ್ತಿದ್ದೆ, ಈ ಹಾಳು ಮೊಣಕಾಲು. ನಿಮ್ಮನೆ ಬಚ್ಚಲಿಗೆ ಎರಡು ಮೆಟ್ಟಿಲು ಬೇರೆ." ಆಕೆಯ ಮನೆ ಹಿಂದಿನ ಬೀದಿಯಲ್ಲೇ ಇತ್ತು, ಮೊದಲ ಮಹಡಿಯಲ್ಲಿ.

"ಅವನು ಸ್ವಲ್ಪ ಮಲಗ್ಲಿ, ಚಾಪೆ ಎಲ್ಲಿದೆ?" ಎಂದು ಆಕೆಯೇ ಬಗ್ಗಿ ಮಂಚದ ಕೆಳಗೆ ಕೈ ಹಾಕಿದಳು. ಮೊಣಕಾಲು ಆಗ ಏನೂ ತಕರಾರು ಮಾಡಲಿಲ್ಲ. ಚಾಪೆಯ ಬದಲು ಬ್ಯಾಗು ಬಂತು, ಹೊಟ್ಟೆ ತುಂಬಿದ ಬ್ಯಾಗು, ಮೇಲೆ ಕೆಲಸಕ್ಕೆಂದು ಕೊಂಡಿದ್ದ ಟಾರ್ಚು.

"ಇದೇನೇ ಇದು?"

ಮಗಳು ಹೇಳಿದಳು. ಕೆಲಸ, ಊರು, ಸೋಮವಾರ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಗಾರ್ಡಾ? ಯಾವ ಗಾಡಿಗೆ?"

"ಗೂಡ್ಸ್ ಗಾಡಿಗೆ ಅತ್ತೆ."

"ಅಯ್ಯೋ ಶಿವನೇ! ಮನುಷ್ಯರು ಕೂರೋ ಗಾಡಿನೂ ಅಲ್ವಲ್ಲೇ! ಕಲ್ಲಿದ್ದಲಿನ ಹಿಂದೆ ಒಬ್ಬಳೇ ಡಬ್ಬೀಲಿ ಕೂತ್ಕೊಂಡು ಊರೂರು ತಿರುಗ್ತೀಯಾ? ಮನೇಲಿ ಇನ್ನೂ ಕಣ್ಣೀರು ಆರಿಲ್ಲ, ಇವಳು ಬ್ಯಾಗ್ ತುಂಬಿದಾಳೆ!"

ಅಪ್ಪ ಮಗಳನ್ನೇ ನೋಡಿದರು. "ನಿಮ್ಮಮ್ಮಂಗೆ ಗೊತ್ತಿತ್ತಾ?"

"ಇವತ್ತು ಬೆಳಗ್ಗೆ ಅವಳೇ ನಿಮಗೆ ಹೇಳ್ತೀನಿ ಅಂದಿದ್ಲು."

"ಹೋಗು ಮತ್ತೆ" ಎಂದರು ಅಪ್ಪ. "ನಾನೇನು ಬೇಡ ಅಂದ್ನಾ?"

ಬಲಗೈ ಎದೆಯ ಮೇಲಿತ್ತು. ಬೆರಳುಗಳು ಅಂಗಿಯನ್ನು ಹಿಂಡಿದ್ದವು, ತುಟಿ ಬಿಳಿಚಿತ್ತು. ನಾಟಕ ಎನ್ನುವಂತಿರಲಿಲ್ಲ, ಅದು ನಾಟಕವಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಮಗಳಿಗೆ ಅನ್ನಿಸಿತು. ಅವಳು ಬ್ಯಾಗನ್ನು ಕಾಲಿನಿಂದ ಮತ್ತೆ ಮಂಚದ ಕೆಳಗೆ ತಳ್ಳಿದಳು. ಅತ್ತೆ ಉಳಿದ ಟೀ ಕುಡಿದಳು.

*

ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಅಮ್ಮ ಹೊರಟಿದ್ದಳು. ಪಕ್ಕದ ಊರಿನಲ್ಲಿ ಹ್ಯಾಮ್ ರೇಡಿಯೋದವರ ಸಭೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವುದು. ಗಾಳಿಯಲ್ಲಿ ಎಷ್ಟೋ ವರ್ಷ ಮಾತಾಡಿದವರ ಮುಖ ನೋಡಬೇಕು ಎಂಬ ಆಸೆ. ಅಪ್ಪನ ಜೊತೆ ಇರಲು ಅತ್ತೆಯನ್ನು ಒಪ್ಪಿಸಿದ್ದಳು. ಅಮ್ಮನಿಗೆಂದು ಕಾಲರಿನ ಹೊಸ ರವಿಕೆಯನ್ನು ಅಪ್ಪನೇ ಹೊಲಿದುಕೊಟ್ಟಿದ್ದರು. ಅಷ್ಟು ಚೆಂದದ ಹೊಲಿಗೆ ಅವರು ಇನ್ಯಾರಿಗೂ ಹಾಕಿದ್ದಿಲ್ಲ.

ಅತ್ತೆ ಬಂದಳು. ಅಮ್ಮ ಗೇಟಿನವರೆಗೆ ಹೋದಳು, ಚಿಲಕಕ್ಕೆ ಕೈ ಹಾಕಿ ಒಮ್ಮೆ ತಿರುಗಿ ನೋಡಿದಳು. ನೋಡಬಾರದಿತ್ತು. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ಎದೆ ಹಿಡಿದುಕೊಂಡು, "ಹೋಗು ಹೋಗು, ಬಸ್ಸು ತಪ್ಪುತ್ತೆ" ಎನ್ನುತ್ತಿದ್ದರು. ಹಣೆಯ ಮೇಲೆ ಬೆವರು. ಅಮ್ಮ ಚಿಲಕ ಬಿಟ್ಟು ಒಳಗೆ ಬಂದಳು.

ಆ ಸಂಜೆ ಅಮ್ಮ ಏಣಿ ಹಾಕಿ, ಹಿತ್ತಲ ಗೋಡೆಯ ಮೂಲೆಗೆ ಕಟ್ಟಿದ್ದ ತಂತಿಯ ತುದಿಯನ್ನು ಬಿಚ್ಚಿ ತಂದು ಗೇಟಿನ ಕಂಬಕ್ಕೆ ಕಟ್ಟಿದಳು. ಹೊಸ ರವಿಕೆ ಇನ್ನೂ ಮೈಮೇಲೇ ಇತ್ತು. ಬ್ಯಾಟರಿ ಮಾಮ ಬಂದು ನೋಡಿ ಹಣೆ ಚಚ್ಚಿಕೊಂಡರು. "ಈ ದಿಕ್ಕಿಗೆ ಕಟ್ಟಿದ್ರೆ ಅರ್ಧ ಪ್ರಪಂಚಕ್ಕೆ ನಿನ್ನ ದನಿ ಹೋಗಲ್ಲ ತಂಗೀ! ಇಂಥ ತಪ್ಪನ್ನ ನಿನ್ನೆ ಮೊನ್ನೆ ಕಲಿತವರೂ ಮಾಡಲ್ಲ."

"ಗೊತ್ತು ಅಣ್ಣ" ಎಂದಳು ಅಮ್ಮ. "ಇರ್ಲಿ ಬಿಡಿ. ನನಗಿಂತ ಮುಂದಕ್ಕೆ ಈ ತಂತಿಯಾದ್ರೂ ಹೋಗಿರ್ಲಿ."

*

"ಮನೇಲೇ ಕೂತು ಇಡೀ ಪ್ರಪಂಚಾನ ಮಾತಾಡಿಸ್ತಿದ್ಲು" ಎಂದು ಅಪ್ಪ ಬ್ಯಾಟರಿ ಮಾಮನಿಗೆ ಹೇಳುತ್ತಿದ್ದರು. ಅತ್ತೆ ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಎದ್ದು ಹೋಗಿದ್ದಳು. "ಹೊರಗೆ ಹೋಗೋ ಆಸೆನೇ ಇರ್ಲಿಲ್ಲ ಅವಳಿಗೆ. ಒಂದ್ಸಲಾನೂ ಗೆಲ್ಲಲಿಲ್ಲ, ಅದೊಂದೇ ಬೇಜಾರು."

ಬ್ಯಾಟರಿ ಮಾಮ ಟೀ ಲೋಟವನ್ನು ಕೆಳಗಿಟ್ಟರು. "ಗೆಲ್ಲೋಕೆ ಒಂದು ಕಡೆ ಕೂರ್ಬೇಕಿತ್ತು ಮಾಸ್ಟರೇ. ಆಕೆ ಕೂರಲಿಲ್ಲ."

"ಕೂರದೆ ಏನು? ಹಗಲೂ ರಾತ್ರಿ ಆ ಕುರ್ಚೀಲೇ ಇರ್ತಿದ್ಲಲ್ರೀ!"

"ಬನ್ನಿ ಇಲ್ಲಿ."

ಅವರು ಅಪ್ಪನನ್ನು ಒಳಗೆ ಕರೆದೊಯ್ದು ಅಮ್ಮನ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ತಲೆಗೆ ಹಾಕಿದರು. ಇಷ್ಟು ವರ್ಷದಲ್ಲಿ ಅಪ್ಪ ಅದನ್ನು ಹಾಕಿಕೊಂಡವರಲ್ಲ. ಸೆಟ್ಟಿನಲ್ಲಿ ಸಣ್ಣ ಬೆಳಕು ಬಂತು. "ಏನೂ ಕೇಳಿಸ್ತಿಲ್ಲ" ಎಂದರು ಅಪ್ಪ. ಬ್ಯಾಟರಿ ಮಾಮನಿಗೆ ನೆನಪಾಗಿ, ಮುಂದಿನ ಕೋಣೆಯ ಕಿಟಕಿಯಿಂದ ಡ್ರೈವರನಿಗೆ ಕೂಗಿದರು: "ಆ ತಂತಿ ಕಂಬಕ್ಕೆ ಕಟ್ಟಪ್ಪಾ!" ಅವನು ಹೇಗೋ ಸುತ್ತಿ ಗಂಟು ಹಾಕಿದ. ಅಪ್ಪ ಬೆಚ್ಚಿ ಕಿವಿ ಮುಟ್ಟಿಕೊಂಡರು. ದನಿಗಳ ಜಾತ್ರೆ ನೆರೆದಿತ್ತು ಒಳಗೆ, ಪಕ್ಕದಲ್ಲಿ ನಿಂತಿದ್ದ ಮಾಮನಿಗೂ ಕೇಳಿಸುವಷ್ಟು.

"ಇವನಿದ್ದಾನಲ್ಲ, ಇವನು ಡಯಲ್ಲಿನ ಒಂದೇ ಜಾಗ ಹಿಡ್ಕೊಂಡು ಕೂತು ಕರೀತಿದಾನೆ. ಎಲ್ಲರೂ ಇವನ ಹತ್ರಾನೇ ಬರ್ತಾರೆ. ಗೆಲ್ಲೋರು ಹೀಗೇ. ನಾನೂ ಹೀಗೇ." ಮಾಮ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಒಂದು ದನಿ ಹೋಗಿ ಇನ್ನೊಂದು, ಅದು ಹೋಗಿ ಮತ್ತೊಂದು. "ಆಕೆ ಹೀಗೆ. ಬೆಳಗ್ಗಿಂದ ಸಂಜೆವರೆಗೆ ತಿರುಗೋದು, ಸಿಕ್ಕಿದವರ ಬಾಗಿಲು ತಟ್ಟೋದು, ಮುಂದಕ್ಕೆ ಹೋಗೋದು. ಅಂಕ ಬರಲ್ಲ ತಂಗೀ ಅಂತ ಬೈದೆ. ಒಂದು ವರ್ಷ ನನ್ನ ಮಾತು ಕೇಳಿ ಕೂತ್ಲು. ಆ ದನಿಗೆ ಜನ ಮುತ್ಕೊಂಡು ಬಂದ್ರು ನೋಡಿ! ಮಧ್ಯಾಹ್ನಕ್ಕೆ ನನ್ನನ್ನೇ ಹಿಂದೆ ಹಾಕಿದ್ಲು. ಆಮೇಲೆ ಇದ್ದಕ್ಕಿದ್ದ ಹಾಗೆ ಆ ಜಾಗ ಬಿಟ್ಟು ಹೊರಟೇಬಿಟ್ಲು."

"ಯಾಕೆ?"

ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಮಗಳು. ಆ ದಿನ ಅವಳು ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. "ಎಲ್ಲರೂ ಬಂದು ಬಂದು ಹೋಗ್ತಾರೆ ಮರಿ, ನಾನೊಬ್ಬಳೇ ಕೂತಿರ್ತೀನಿ ಅಂದ್ಲು. ಇಲ್ಲಾದ್ರೂ ಓಡಾಡ್ತೀನಿ ಅಂದ್ಲು."

ಅಪ್ಪ ಹೆಡ್‌ಫೋನ್ ಹಾಕಿಕೊಂಡೇ ಇದ್ದರು, ಕೇಳಿಸಿತೋ ಇಲ್ಲವೋ. "ನನ್ನ ಮಷೀನು ಇದರಲ್ಲಿ ಕೇಳಿಸ್ತಿತ್ತು ಅಂತಿದ್ಲಲ್ಲ" ಎಂದರು. "ಹಾಕು ನೋಡೋಣ."

ಮಗಳು ಮುಂದಿನ ಕೋಣೆಗೆ ಹೋಗಿ ಮಷೀನಿನ ಮುಂದೆ ಕೂತಳು. ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ತೋಳು ಹಾಗೇ ಇತ್ತು. ಅದನ್ನು ಸರಿಸಿ ಪೆಡಲಿನ ಮೇಲೆ ಕಾಲಿಟ್ಟಳು. ಗರ್ ಎಂದಿತು. ಒಳಗಿನಿಂದ ಬ್ಯಾಟರಿ ಮಾಮ ಏನೋ ಹೇಳಿದ್ದು, ಅಪ್ಪ "ಇಷ್ಟು ಜೋರಾ?" ಎಂದಿದ್ದು ಕೇಳಿಸಿತು. ಅವಳು ಬಿಡದೆ ಓಡಿಸುತ್ತಲೇ ಇದ್ದಳು. ಇಲ್ಲಿ ಕೂತರೆ ಗೇಟು, ಗೇಟಿನಾಚೆಯ ಬೀದಿ ಎಲ್ಲ ಕಾಣುತ್ತಿತ್ತು. ಅಮ್ಮನ ಕುರ್ಚಿಯಿಂದ ಕಾಣುತ್ತಿದ್ದದ್ದು ಗೋಡೆ. ಅವಳಿಗೆ ಮೊದಲ ಬಾರಿಗೆ ಅಪ್ಪನ ಮೇಲೆ ನಿಜವಾದ ಸಿಟ್ಟು ಬಂತು. ಕಾಲು ತೆಗೆದುಬಿಟ್ಟಳು.

ಮಷೀನು ನಿಂತಿತು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಹೆಡ್‌ಫೋನನ್ನು ಕತ್ತಿಗೆ ಜಾರಿಸಿಕೊಂಡು ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು, ಅದರ ವೈರು ಕಿತ್ತು ಹಿಂದೆ ನೆಲದ ಮೇಲೆ ಎಳೆದುಕೊಂಡು ಬಂದಿತ್ತು.

"ಏನಾಯ್ತು?" ಎಂದರು.

ಮಗಳು ತಲೆಯೆತ್ತಿ ನೋಡಿದಳು. ಅಪ್ಪ ನಿಂತಿದ್ದದ್ದು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ. ಅದು ಅವರಿಗೂ ಗೊತ್ತಾಯಿತು.

"ಏನಿಲ್ಲ" ಎಂದಳು ಮಗಳು.

ಅಪ್ಪ ಚೌಕಟ್ಟು ಹಿಡಿದುಕೊಂಡು ಮಷೀನನ್ನು ನೋಡಿದರು. ಆಮೇಲೆ ಕೇಳಿದರು. "ನಿನ್ನ ರೈಲು ಎಷ್ಟು ಹೊತ್ತಿಗೆ?"

*

ಬ್ಯಾಟರಿ ಮಾಮ ಸ್ಟೇಷನ್ನಿಗೆ ಬಿಡುತ್ತೇನೆಂದು ಸ್ಕೂಟರನ್ನು ಬೀದಿಯ ತುದಿಗೆ ತೆಗೆದುಕೊಂಡು ಹೋಗಿದ್ದರು. "ನಾಳೆ ಬೆಳಗ್ಗೆ ಬರ್ತೀನಿ ಮಾಸ್ಟರೇ, ದಿನಾ ಬರ್ತೀನಿ" ಎಂದಿದ್ದರು. ಈ ಹೊತ್ತಿಗೂ ನಾಳೆ ಬೆಳಗಿಗೂ ನಡುವಿನ ರಾತ್ರಿಯ ಮಾತನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ.

ಮಗಳು ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡಳು. ಅಡುಗೆಮನೆಯ ದೀಪ, ಬಚ್ಚಲ ದೀಪ, ಎಲ್ಲವನ್ನೂ ಹಾಕಿ ಬಂದಳು. ಅಪ್ಪ ಬೇಡ ಎನ್ನಲಿಲ್ಲ. ಹಿಂದೆಯೇ ಜಗಲಿ ಇಳಿದು ಗೇಟಿನವರೆಗೆ ಬಂದರು. ಬಲಗೈ ಎದೆಯ ಮೇಲೆ, ಉಸಿರು ಸಣ್ಣದಾಗಿ.

"ಬೇಡ ಅಂದ್ರೆ ಇರ್ತೀನಿ ಅಪ್ಪ" ಎಂದಳು ಮಗಳು. ಹೇಳಿದ ಮೇಲೆ ಹೆದರಿಕೆಯಾಯಿತು.

ಅಪ್ಪ ಎಡಗೈಯಲ್ಲಿ ಚಿಲಕ ತೆಗೆದು ಗೇಟನ್ನು ಎಳೆದರು.

ಡ್ರೈವರ್ ಕಟ್ಟಿದ ಗಂಟು ಆಗಲೇ ಕಂಬದಲ್ಲಿ ಕೆಳಕ್ಕೆ ಜಾರಿತ್ತು. ತಂತಿ ಜೋತುಬಿದ್ದು ಗೇಟಿಗೆ ಅಡ್ಡವಾಗಿ ಎದೆಮಟ್ಟಕ್ಕೆ ಬಂದಿತ್ತು. ಬೆನ್ನ ಮೇಲೆ ಆ ಬ್ಯಾಗು ಹೊತ್ತು ಅದರ ಕೆಳಗೆ ನುಸುಳಬೇಕಾದರೆ ಮಗಳು ನೆಲಕ್ಕೇ ಬಾಗಬೇಕಿತ್ತು. ಅವಳು ಮಂಡಿ ಮಡಿಸಲು ಹೋದಳು.

"ನಿಲ್ಲು" ಎಂದರು ಅಪ್ಪ.

ಎಡಗೈ ಗೇಟನ್ನು ಹಿಡಿದಿತ್ತು, ಬಿಟ್ಟರೆ ತಾನಾಗಿ ಮುಚ್ಚುವ ಗೇಟು. ಅಪ್ಪ ತಂತಿಯನ್ನು ನೋಡಿದರು. ಬಲಗೈ ಎದೆಯಿಂದ ಎದ್ದಿತು, ತಂತಿಯನ್ನು ಹಿಡಿದು ತಲೆಯ ಮೇಲಕ್ಕೆ ಎತ್ತಿತು.

"ಹೋಗಿ ಬಾ."

ಮಗಳು ನೆಟ್ಟಗೆ ನಡೆದು ದಾಟಿದಳು. ತಿರುಗಿ ನೋಡಬಾರದು ಎಂದುಕೊಂಡೇ ನಡೆದವಳು ಬೀದಿಯ ತಿರುವಿನಲ್ಲಿ ನೋಡಿಬಿಟ್ಟಳು. ಯಾರೂ ಇಲ್ಲದ ಮನೆಯ ಎಲ್ಲ ದೀಪಗಳೂ ಉರಿಯುತ್ತಿದ್ದವು. ಅದರ ಮುಂದೆ ಅಪ್ಪ ತಂತಿಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದರು, ದಾಟುವವರು ಇನ್ನೂ ಯಾರೋ ಇದ್ದಾರೆ ಎನ್ನುವ ಹಾಗೆ.